ದಿವಂಗತ ತ್ರಿವೇಣಿಯವರು ಮತ್ತು ಅವರ ಓದುಗರು

ಕಥೆಯನ್ನು ಕೇಳುವುದರಲ್ಲಿ ಎರಡು ಬಗೆ. ರಾಜಾಧಿರಾಜರ ಕಥೆಯನ್ನೂ ದೇವಾನುದೇವತೆಗಳ ಕಥೆಯನ್ನೂ ನಾವು ಕೈಮುಗಿದು ಕೇಳುತ್ತೇವೆ. ಹರಿಶ್ಚಂದ್ರ ಹೆಂಡತಿಯನ್ನು ಮಾರಿದನೆಂದರೆ ಕಣ್ಣೀರಿಡುತ್ತೇವೆಯೇ ಹೊರತು ಅವನೊಡನೆ ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಒಂದು ಸಾಮಾನ್ಯ ಸಂಸಾರದ ಕಥೆಯನ್ನು ಹೇಳತೊಡಗಿ ನೋಡಿ. ಅತ್ತೆ ಹಾಗೆ ಮಾಡಬಾರದಿತ್ತು, ಸೊಸೆಯದೇ ತಪ್ಪು, ಆ ಗಂಡನಿಗೆ ಬುದ್ಧಿಯಿಲ್ಲ, ಕಥೆಗಾರರಾದರೂ ಆ ಮಗುವನ್ನು ಉಳಿಸಬಾರದಾಗಿತ್ತೇ ಎಂದು ಕೇಳುವವರೆಲ್ಲ ಬಾಯಿ ಹಾಕುತ್ತಾರೆ. ಸಂಸಾರದ ಕಥೆಯ ಓದುಗರು ಬರಿಯ ಓದುಗರಲ್ಲ. ಅವರು ಆ ಮನೆಯ ನೆಂಟರು. ನೆಂಟರಿಗಿರುವ ಸಲಿಗೆ, ಮುನಿಸು, ಹಕ್ಕು ಎಲ್ಲವೂ ಅವರಿಗುಂಟು.

ಕನ್ನಡದಲ್ಲಿ ಇಂತಹ ನೆಂಟರನ್ನು ಹೇರಳವಾಗಿ ಸಂಪಾದಿಸಿದ ಲೇಖಕಿ ತ್ರಿವೇಣಿಯವರು. ಅವರು ತೀರಿಕೊಂಡದ್ದು ೧೯೬೩ರಲ್ಲಿ. ಅಂದಿನಿಂದ ಎರಡು ತಲೆಮಾರುಗಳು ಕಳೆದಿವೆ. ಆದರೂ ಅವರ ಕಾದಂಬರಿಗಳು ಪುನರ್ಮುದ್ರಣವಾಗುತ್ತಲೇ ಬಂದಿವೆ; ಗ್ರಂಥಾಲಯಗಳಲ್ಲಿ ಅವುಗಳ ರಟ್ಟು ಸವೆಯುತ್ತಲೇ ಇದೆ. ಅವರ ಬಾಳನ್ನೂ, ಓದುಗರೊಡನೆ ಅವರಿಗೆ ಒದಗಿದ ವಿಚಿತ್ರವಾದ ನಂಟನ್ನೂ ನನ್ನ ಶಕ್ತಿಗೆ ಎಟುಕಿದಷ್ಟು ಇಲ್ಲಿ ಹೇಳಬೇಕೆಂದಿದ್ದೇನೆ. ನಾನು ಪಂಡಿತಳಲ್ಲ, ಸಾಲಿಗ್ರಾಮದ ಕಡೆಯಿಂದ ಬಂದು ಅಂತಿಮ ಬಿ. ಎ. ತರಗತಿಯಲ್ಲಿ ಓದುತ್ತಿರುವ ವಿದ್ಯಾರ್ಥಿನಿ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವಳು ನಾನೇ ಮೊದಲು. ಆದ್ದರಿಂದ ವಿಮರ್ಶಕರ ಮಾತಿಗಿಂತ ಓದುಗರ ಮಾತೇ ಈ ಬರಹದಲ್ಲಿ ಹೆಚ್ಚಾಗಿ ಕೇಳಿಸಿದರೆ ವಾಚಕರು ಮನ್ನಿಸಬೇಕು.

ತ್ರಿವೇಣಿ ಎಂಬುದು ಕಾವ್ಯನಾಮ. ೧೯೨೮ನೆಯ ಇಸವಿ ಸೆಪ್ಟೆಂಬರ್ ೧ರಂದು ಮಂಡ್ಯದಲ್ಲಿ ಅವರು ಹುಟ್ಟಿದರು. ಮೊದಲು ಇಟ್ಟ ಹೆಸರು ಭಾಗೀರಥಿ. ಮುಂದೆ ಅನಸೂಯ ಎಂದಾಯಿತು. ತಂದೆ ಬಿ. ಎಂ. ಕೃಷ್ಣಸ್ವಾಮಿಯವರು, ತಾಯಿ ತಂಗಮ್ಮನವರು. ಕನ್ನಡದ ಕಣ್ವರೆಂದು ಹೆಸರಾದ ಬಿ. ಎಂ. ಶ್ರೀಕಂಠಯ್ಯನವರು ಅವರಿಗೆ ದೊಡ್ಡಪ್ಪ. ತಂಗಿ ಆರ್ಯಾಂಬ ಪಟ್ಟಾಭಿಯವರೂ ಮುಂದೆ ಕಾದಂಬರಿಗಾರ್ತಿಯಾದರು. ಹೀಗೆ ಅಕ್ಷರದ ಮನೆತನದಲ್ಲಿ ಹುಟ್ಟಿದ ಭಾಗ್ಯ ಅವರದು. ನಮ್ಮಂಥವರಿಗೆ ಪುಸ್ತಕವೆಂಬುದು ಊರ ಹೊರಗಿನಿಂದ ಬರಬೇಕಾದ ವಸ್ತು. ಅವರಿಗೆ ಅದು ತೊಟ್ಟಿಲ ಬಳಿಯಲ್ಲೇ ಇತ್ತು. ಆದರೆ ದೊಡ್ಡ ಮನೆತನದಲ್ಲಿ ಹುಟ್ಟಿದವರೆಲ್ಲ ದೊಡ್ಡ ಬರಹಗಾರರಾಗುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿ ಬಿ. ಎ. ಪದವಿ ಪಡೆದರು. ಈ ಒಂದು ಸಂಗತಿಯಲ್ಲಿ ಅವರ ಮುಂದಿನ ಸಾಹಿತ್ಯಜೀವನದ ಬೀಜ ಅಡಗಿದೆ. ಆ ಕಾಲದಲ್ಲಿ ಪದವಿಯವರೆಗೆ ಓದಿದ ಹೆಣ್ಣುಮಕ್ಕಳೇ ವಿರಳ. ಅದರಲ್ಲೂ ಮನಸ್ಸಿನ ಬೇನೆಗಳ ಬಗ್ಗೆ ಶಾಸ್ತ್ರೀಯವಾಗಿ ತಿಳಿದುಕೊಂಡ ಹೆಣ್ಣೊಬ್ಬಳು ಕಥೆ ಬರೆಯಲು ಕುಳಿತುದು ಕನ್ನಡದಲ್ಲಿ ಹೊಸ ಸಂಗತಿ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್. ಎನ್. ಶಂಕರ್ ಅವರನ್ನು ಮದುವೆಯಾಗಿ ಅನಸೂಯಾ ಶಂಕರ್ ಎನಿಸಿಕೊಂಡು ಮೈಸೂರಿನಲ್ಲಿ ಸಂಸಾರ ಹೂಡಿದರು. ಮನೆವಾರ್ತೆಯ ನಡುವೆ, ಆಗಾಗ ಕಾಡುತ್ತಿದ್ದ ಆಸ್ತಮಾದ ನಡುವೆ ಅವರು ಬರೆದರು. ಬರೆದ ಕಾಲ ಹೆಚ್ಚೆಂದರೆ ಹತ್ತು ಹನ್ನೆರಡು ವರ್ಷ. ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು, ೪೧ ಸಣ್ಣಕಥೆಗಳು. ಕಥೆಗಳು 'ಹೆಂಡತಿಯ ಹೆಸರು', 'ಎರಡು ಮನಸ್ಸು', 'ಸಮಸ್ಯೆಯ ಮಗು' ಎಂಬ ಮೂರು ಸಂಕಲನಗಳಲ್ಲಿ ಸೇರಿವೆ.

ಅವರ ಕಾದಂಬರಿಗಳ ಹೆಸರುಗಳನ್ನು ಒಮ್ಮೆ ಓದಿದರೆ ಸಾಕು, ನಮ್ಮ ತಾಯಂದಿರ ಕಾಲದ ಮಾತುಕತೆಯೇ ಕೇಳಿಸಿದಂತಾಗುತ್ತದೆ: 'ಹೂವು ಹಣ್ಣು', 'ಅಪಸ್ವರ', 'ಅಪಜಯ', 'ಸೋತು ಗೆದ್ದವಳು', 'ಕೀಲುಗೊಂಬೆ', 'ಮುಚ್ಚಿದ ಬಾಗಿಲು', 'ದೂರದ ಬೆಟ್ಟ', 'ಬೆಕ್ಕಿನ ಕಣ್ಣು', 'ಬೆಳ್ಳಿ ಮೋಡ', 'ಹಣ್ಣೆಲೆ ಚಿಗುರಿದಾಗ', 'ಶರಪಂಜರ'. ಇವುಗಳಲ್ಲಿ ಯುದ್ಧವಿಲ್ಲ, ರಾಜ್ಯವಿಲ್ಲ, ಊರಿಗೆ ಊರೇ ಹೊತ್ತಿ ಉರಿಯುವ ಸಂದರ್ಭವಿಲ್ಲ. ಒಂದು ಮನೆ, ನಾಲ್ಕೈದು ಮಂದಿ, ಒಂದು ಮದುವೆ, ಒಂದು ಹೆರಿಗೆ, ಒಂದು ಸಂದೇಹ. ಇಷ್ಟೇ ಬಂಡವಾಳ. ಇದನ್ನು ಅಡುಗೆಮನೆಯ ಸಾಹಿತ್ಯವೆಂದು ಹಗುರವಾಗಿ ಆಡಿದವರುಂಟು. ಆದರೆ ಅಡುಗೆಮನೆಯಲ್ಲಿ ಬೆಂಕಿ ಇರುತ್ತದೆ ಎಂಬುದನ್ನು ಅವರು ಮರೆತಂತೆ ಕಾಣುತ್ತದೆ.

ಇನ್ನು ಓದುಗರ ವಿಷಯ. ಸಂಸಾರದ ಕಥೆಗೆ ಓದುಗರು ಹೀಗೆ ಮನಸೋಲುವುದು ನಮ್ಮ ದೇಶದ ವಿಶೇಷವೇನೂ ಅಲ್ಲ. ಅಮೆರಿಕ ದೇಶದಲ್ಲಿ ೧೯೧೭ರಿಂದ ದಿನಪತ್ರಿಕೆಗಳಲ್ಲಿ 'ದಿ ಗಂಪ್ಸ್' ಎಂಬ ಚಿತ್ರಕಥೆಯೊಂದು ಪ್ರಕಟವಾಗುತ್ತಿತ್ತು. ಸಿಡ್ನಿ ಸ್ಮಿತ್ ಎಂಬ ವ್ಯಂಗ್ಯಚಿತ್ರಕಾರ ಅದನ್ನು ಬರೆಯುತ್ತಿದ್ದ. ಸಾಧಾರಣವಾದ ಒಂದು ಸಂಸಾರದ ದಿನನಿತ್ಯದ ಗೋಳು, ನಗು, ಸಾಲ, ನೆಂಟಸ್ತಿಕೆ, ಇದೇ ಅದರ ವಸ್ತು. ಅದರಲ್ಲಿ ಮೇರಿ ಗೋಲ್ಡ್ ಎಂಬ ನೆರೆಮನೆಯ ಹುಡುಗಿ ಬರುತ್ತಾಳೆ. ಅವಳು ಪ್ರೀತಿಸಿದ ಯುವಕ ಮಾಡದ ಕಳ್ಳತನಕ್ಕಾಗಿ ಸೆರೆಮನೆ ಸೇರುತ್ತಾನೆ. ಅವನು ನಿರ್ದೋಷಿಯೆಂದು ತಿಳಿದು ಬಿಡುಗಡೆಯಾಗಿ ಬರುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಿರುತ್ತಾಳೆ. ೧೯೨೯ನೆಯ ಇಸವಿ ಏಪ್ರಿಲ್ ೩೦ರಂದು ಆ ಚಿತ್ರಕಥೆಯಲ್ಲಿ ಅವಳು ಸತ್ತಳು. ಬಹುಕಾಲ ಕಾಣಿಸಿಕೊಂಡ ಪಾತ್ರವೊಂದು ಚಿತ್ರಕಥೆಯಲ್ಲಿ ಸಾಯುವುದು ಅದಕ್ಕೆ ಮುಂಚೆ ಕಂಡುದಲ್ಲ. ಪತ್ರಿಕಾ ಕಚೇರಿಗೆ ಕಾಗದಗಳೂ ದೂರವಾಣಿ ಕರೆಗಳೂ ಹೊಳೆಯಂತೆ ಹರಿದು ಬಂದುವು. ಶೋಕಿಸಿದವರೆಷ್ಟು ಮಂದಿಯೋ, ಚಿತ್ರಕಾರನ ಮೇಲೆ ಸಿಟ್ಟಾದವರೂ ಅಷ್ಟೇ ಮಂದಿ. ಗೆರೆಯಲ್ಲಿ ಬರೆದ ಹುಡುಗಿಗೆ ಜೀವವೆಲ್ಲಿಂದ ಬಂತು? ದಿನವೂ ಬೆಳಗಿನ ಕಾಫಿಯ ಹೊತ್ತಿಗೆ ಅವಳನ್ನು ಕಂಡ ಓದುಗರೇ ಅದನ್ನು ಕೊಟ್ಟಿದ್ದರು. ಕೊಟ್ಟ ಜೀವವನ್ನು ಕಿತ್ತುಕೊಳ್ಳಲು ಚಿತ್ರಕಾರನಿಗೇನು ಅಧಿಕಾರ ಎಂಬುದು ಅವರ ತಕರಾರು.

ತ್ರಿವೇಣಿಯವರು ಚಿತ್ರ ಬರೆದವರಲ್ಲ. ಆದರೆ ಓದುಗರ ಮನಸ್ಸಿನ ಮೇಲೆ ಅವರ ಕಥೆಗಳು ಮಾಡಿದ ಕೆಲಸ ಇದೇ ಜಾತಿಯದು. ಅವರ ಪಾತ್ರಗಳನ್ನು ಜನ ಪಾತ್ರಗಳೆಂದು ಎಣಿಸಲೇ ಇಲ್ಲ. ಇದಕ್ಕೆ ಪುಸ್ತಕದಿಂದ ಉದಾಹರಣೆ ಕೊಡುವುದಕ್ಕಿಂತ ನಾನು ಕಣ್ಣಾರೆ ಕಂಡುದನ್ನೇ ಹೇಳುತ್ತೇನೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ಸೀಮೆಯಲ್ಲಿ ಹೊಗೆಸೊಪ್ಪು ದೊಡ್ಡ ಬೆಳೆ. ಮುಂಗಾರಿನಲ್ಲಿ ನೆಟ್ಟ ಗಿಡದ ಎಲೆಯನ್ನು ಮುರಿದು, ಬ್ಯಾರನ್ನಿನಲ್ಲಿ ಸೌದೆಯ ಕಾವಿಗೆ ಹದವಾಗಿ ಬೇಯಿಸಿ, ಆಮೇಲೆ ಬಣ್ಣ ನೋಡಿ ವಿಂಗಡಿಸಬೇಕು. ಹಳದಿಯ ಎಲೆ ಒಂದು ಕಡೆ, ಕಿತ್ತಳೆಯ ಎಲೆ ಒಂದು ಕಡೆ, ಕಂದಿದ್ದು, ಹರಿದಿದ್ದು ಮತ್ತೊಂದು ಕಡೆ. ಈ ವಿಂಗಡಣೆಯ ಕೆಲಸ ಬಹುಮಟ್ಟಿಗೆ ಹೆಂಗಸರದು. ಹರಾಜು ಕಟ್ಟೆಯಲ್ಲಿ ಸಿಗುವ ಬೆಲೆ ಈ ಕೈಗಳ ಚುರುಕನ್ನೇ ನೆಚ್ಚಿಕೊಂಡಿರುತ್ತದೆ. ಕೈಗೆ ಕೆಲಸ, ಕಣ್ಣಿಗೆ ಕೆಲಸ. ಕಿವಿ ಮಾತ್ರ ಬಿಡುವು. ಇಂತಹ ಕಡೆ ಹಿಂದೆ ಹಾಡು ನಡೆಯುತ್ತಿತ್ತಂತೆ. ಕಳೆದ ಎರಡು ಚಳಿಗಾಲಗಳಲ್ಲಿ ನಮ್ಮ ಜಗಲಿಯಲ್ಲಿ ಕಾದಂಬರಿ ನಡೆಯಿತು. ಓದುವವಳು ನಾನು, ಕೇಳುವವರು ನನ್ನ ತಾಯಿ, ಅಜ್ಜಿ ಮತ್ತು ಕೆಲಸಕ್ಕೆ ಬಂದ ಏಳೆಂಟು ಮಂದಿ. ಇವರಲ್ಲಿ ತಮ್ಮ ಹೆಸರನ್ನು ತಾವೇ ಬರೆಯಬಲ್ಲವರು ಮೂವರು. ರಾಮಾನುಜಾಚಾರ್ಯರು ನಡೆದಾಡಿದ ನೆಲವೆಂದು ಹೆಸರಾದ ನಮ್ಮ ಸಾಲಿಗ್ರಾಮದಲ್ಲಿ ಪುರಾಣ ಓದಿಸಿ ಕೇಳುವ ಪದ್ಧತಿ ಹಳೆಯದು. ಆದುದರಿಂದ ಒಬ್ಬರು ಓದಿ ಹತ್ತು ಮಂದಿ ಕೇಳುವುದು ಯಾರಿಗೂ ಹೊಸದೆನಿಸಲಿಲ್ಲ.

ಮೊದಲು ಓದಿದ್ದು 'ಬೆಳ್ಳಿ ಮೋಡ'. ಮಲೆನಾಡಿನ ಕಾಫಿ ತೋಟದ ಒಡೆಯ ಸದಾಶಿವರಾಯರ ಒಬ್ಬಳೇ ಮಗಳು ಇಂದಿರಾ. ಅವಳಿಗೆ ಗೊತ್ತಾದ ವರ ಮೋಹನ, ರಾಯರ ನೆರವಿನಿಂದಲೇ ಹೊರದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಯ ತಾಯಿಗೆ ಅನಿರೀಕ್ಷಿತವಾಗಿ ಗಂಡು ಮಗು ಹುಟ್ಟುತ್ತದೆ, ತಾಯಿ ತೀರಿಕೊಳ್ಳುತ್ತಾಳೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದ ಮೋಹನ ಮದುವೆಯಿಂದ ಹಿಂಜರಿಯುತ್ತಾನೆ. ಮುಂದೆ ಅವನೇ ಅಪಘಾತಕ್ಕೆ ಸಿಕ್ಕಿ ಆ ಮನೆಯಲ್ಲಿ ಮಲಗಿದಾಗ ಇಂದಿರಾ ಅವನ ಆರೈಕೆ ಮಾಡುತ್ತಾಳೆ. ಗುಣವಾದ ಮೋಹನನ ಮನಸ್ಸು ತಿರುಗುತ್ತದೆ, ಆದರೆ ಇಂದಿರೆಯ ಮನಸ್ಸು ತಿರುಗುವುದಿಲ್ಲ. ಅವಳು ಅವನನ್ನು ಒಲ್ಲೆನೆನ್ನುತ್ತಾಳೆ.

ಇಷ್ಟು ಓದಿ ಪುಸ್ತಕ ಮುಚ್ಚಿದ್ದೇ ತಡ, ಎಲೆ ಹಿಡಿದ ಕೈಗಳೆಲ್ಲ ನಿಂತುಹೋದುವು. ಒಬ್ಬಾಕೆ ಇಂದಿರೆಯದು ಅಹಂಕಾರವೆಂದರು. ತಪ್ಪೊಪ್ಪಿಕೊಂಡ ಗಂಡಸನ್ನು ಹಿಂದಕ್ಕೆ ಕಳುಹಿಸಿದರೆ ಮುಂದೆ ಅವಳಿಗೆ ದಿಕ್ಕು ಯಾರು ಎಂಬುದು ಅವರ ಪ್ರಶ್ನೆ. ಇನ್ನೊಬ್ಬರು, ಆಸ್ತಿಗಾಗಿ ಬಿಟ್ಟವನು ಮುಂದೆ ಕಾಯಿಲೆಗಾಗಿಯೂ ಬಿಡುತ್ತಾನೆ ಎಂದರು. ನನ್ನ ಅಜ್ಜಿ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, ಹೊತ್ತಿಗೆ ಗಂಜಿ ಕಾಯಿಸಿ ಕೊಟ್ಟವಳೆಲ್ಲ ಹೆಂಡತಿಯಾಗಬೇಕೆಂದೇನಿದೆ ಎಂದು ಕೇಳಿದರು. ತರಗತಿಯಲ್ಲಿ ನಾವು ಒಂದು ವಾರ ಚರ್ಚಿಸಿದರೂ ಈ ಮಾತಿಗೆ ಬಂದು ಮುಟ್ಟುತ್ತಿರಲಿಲ್ಲವೆಂದು ನನಗೆ ಅನಿಸಿತು. ಎರಡು ದಿನ ಈ ವಾದ ನಡೆಯಿತು. ಮೂರನೆಯ ದಿನ ನನಗೆ ಒಂದು ಸಂಗತಿ ಹೊಳೆಯಿತು. ಇಂದಿರೆಯನ್ನು ಬೈದ ಆಕೆಯ ಮಗಳು ಗಂಡನಮನೆ ಬಿಟ್ಟು ಬಂದು ತೌರಿನಲ್ಲಿದ್ದಳು. ಆ ತಾಯಿ ಬೈಯುತ್ತಿದ್ದುದು ಇಂದಿರೆಯನ್ನಲ್ಲ, ತನ್ನ ಭಯವನ್ನು. ಸ್ವಂತ ಮನೆಯ ಮಾತನ್ನು ಜಗಲಿಯಲ್ಲಿ ಕುಳಿತು ಆಡಲಾಗುವುದಿಲ್ಲ. ಆದರೆ ಕಾದಂಬರಿಯ ಮನೆಯ ಮಾತನ್ನು ಎಷ್ಟು ಬೇಕಾದರೂ ಆಡಬಹುದು. ಸಂಸಾರದ ಕಥೆಯ ಉಪಕಾರ ಇದೇ ಎಂದು ನಾನು ತಿಳಿದಿದ್ದೇನೆ. ಅದು ನಮ್ಮ ಮನೆಯ ಗುಟ್ಟನ್ನು ಇನ್ನೊಬ್ಬರ ಮನೆಯ ಹೆಸರಿನಲ್ಲಿ ಆಡಿಕೊಳ್ಳಲು ಎಡೆ ಮಾಡಿಕೊಡುತ್ತದೆ.

ಈ ಗುಣ ಯಾವ ಸಂಸಾರದ ಕಥೆಗಾದರೂ ಇರಬಹುದು. ಇಂದು ಸಂಜೆಯ ಹೊತ್ತು ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತು ಧಾರಾವಾಹಿಯ ಅತ್ತೆಯನ್ನು ಶಪಿಸುವವರೂ ಇದನ್ನೇ ಮಾಡುತ್ತಿದ್ದಾರೆ. ಹಾಗಾದರೆ ತ್ರಿವೇಣಿಯವರ ಹೆಚ್ಚುಗಾರಿಕೆ ಏನು? ಧಾರಾವಾಹಿಯಲ್ಲಿ ಕೆಟ್ಟವರು ಕೆಟ್ಟವರಾಗಿಯೇ ಇರುತ್ತಾರೆ. ನಾವು ಅವರನ್ನು ಬೈದು, ಕೈತೊಳೆದು, ಊಟಕ್ಕೆ ಏಳುತ್ತೇವೆ. ತ್ರಿವೇಣಿಯವರು ಆ ಸುಖವನ್ನು ಓದುಗರಿಗೆ ಕೊಡುವುದಿಲ್ಲ. ಬೈಯಲು ಎತ್ತಿದ ಬೆರಳು ನಿಧಾನವಾಗಿ ನಮ್ಮ ಕಡೆಗೇ ತಿರುಗುವಂತೆ ಅವರು ಕಥೆ ಕಟ್ಟುತ್ತಾರೆ. 'ಶರಪಂಜರ'ದಲ್ಲಿ ಇದು ಕೊನೆ ಮುಟ್ಟಿದೆ.

'ಶರಪಂಜರ'ದ ನಾಯಕಿಯ ಹೆಸರು ಕಾವೇರಿ. ಚುಂಚನಕಟ್ಟೆಯಲ್ಲಿ ಧುಮುಕಿ ನಮ್ಮ ಗದ್ದೆಗಳಿಗೆ ನೀರುಣಿಸುವ ನದಿಯ ಹೆಸರೇ ಅದು. ನಮ್ಮ ಜಗಲಿಯ ಕೇಳುಗರಿಗೆ ಆ ಹೆಸರಿನಿಂದಲೇ ಅವಳು ಮನೆಮಗಳಾದಳು. ಒಳ್ಳೆಯ ಮನೆ, ಮೆಚ್ಚಿ ಕೈಹಿಡಿದ ಗಂಡ ಸತೀಶ, ಮಕ್ಕಳು. ಹೆರಿಗೆಯ ಅನಂತರ ಅವಳ ಬುದ್ಧಿ ಕೆಡುತ್ತದೆ. ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ, ಚಿಕಿತ್ಸೆಯಾಗುತ್ತದೆ, ಗುಣ ಹೊಂದಿ ಮನೆಗೆ ಬರುತ್ತಾಳೆ. ಸಾಮಾನ್ಯ ಕಥೆಗಾರರಾಗಿದ್ದರೆ ಇಲ್ಲಿಗೆ ಮಂಗಳ ಹಾಡುತ್ತಿದ್ದರು. ತ್ರಿವೇಣಿಯವರು ಇಲ್ಲಿಂದಲೇ ನಿಜವಾದ ಕಥೆಯನ್ನು ಮೊದಲುಮಾಡುತ್ತಾರೆ. ಕಾವೇರಿ ನಕ್ಕರೆ ಮನೆಯವರು ಬೆಚ್ಚುತ್ತಾರೆ, ಅತ್ತರೆ ಬೆಚ್ಚುತ್ತಾರೆ, ಸುಮ್ಮನಿದ್ದರೂ ಬೆಚ್ಚುತ್ತಾರೆ. ಯಾರಿಗಾದರೂ ಬರಬಹುದಾದ ಕೋಪ ಅವಳಿಗೆ ಬಂದರೆ ಅದು ಹುಚ್ಚಿನ ಲಕ್ಷಣವಾಗುತ್ತದೆ. ಗಂಡನ ಮನಸ್ಸು ದೂರವಾಗುತ್ತದೆ. ನೆರೆಹೊರೆ ಇಣುಕಿ ನೋಡುತ್ತದೆ. ಒಂದೊಂದು ನೋಟವೂ ಒಂದೊಂದು ಬಾಣ. ಬಾಣಗಳ ಪಂಜರದಲ್ಲಿ ಸಿಕ್ಕ ಆ ಮನಸ್ಸು ಕಡೆಗೆ ಮತ್ತೆ ಒಡೆಯುತ್ತದೆ. ಅವಳನ್ನು ಎರಡನೆಯ ಸಲ ಕೆಡಿಸಿದ್ದು ರೋಗವಲ್ಲ, ಗುಣವಾದವಳನ್ನು ಗುಣವಾದಳೆಂದು ಒಪ್ಪದ ಜನ.

ಹೆರಿಗೆಯಾದ ಮೊದಲ ವಾರಗಳಲ್ಲಿ ಬರುವ ಈ ತೀವ್ರವಾದ ಚಿತ್ತವಿಕಾರ ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಬರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ಮಂದಿ ಗುಣ ಹೊಂದುತ್ತಾರೆ. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದದ್ದು ೧೯೫೪ರಲ್ಲಿ; ಅದು ಮುಂದೆ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಇಂದು ಅಲ್ಲಿ ತಾಯಿಯನ್ನೂ ಹಸುಗೂಸನ್ನೂ ಅಗಲಿಸದೆ ಜೊತೆಯಲ್ಲೇ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವೇ ಇದೆ. ಆದರೆ ತ್ರಿವೇಣಿಯವರು ಬರೆಯುತ್ತಿದ್ದ ಕಾಲದಲ್ಲಿ ಹಳ್ಳಿಗೂ ಪಟ್ಟಣಕ್ಕೂ ಒಂದೇ ವಿವರಣೆ: ಗಾಳಿ ಸೋಕಿದೆ, ಇಲ್ಲವೇ ಯಾರೋ ಮಾಡಿಸಿದ್ದಾರೆ. ಇದು ದೇಹಕ್ಕೆ ಬರುವ ಜ್ವರದಂತೆ ಮನಸ್ಸಿಗೆ ಬರುವ ಬೇನೆ, ಇದರಲ್ಲಿ ಹೆಣ್ಣಿನ ಪಾಪವೇನೂ ಇಲ್ಲ ಎಂದು ಕನ್ನಡದ ಸಾವಿರಾರು ಮನೆಗಳಿಗೆ ತಿಳಿಯ ಹೇಳಿದ್ದು ಯಾವ ವೈದ್ಯರ ಉಪನ್ಯಾಸವೂ ಅಲ್ಲ, ಒಂದು ಕಾದಂಬರಿ.

ನಮ್ಮ ಜಗಲಿಯಲ್ಲಿ ಅದನ್ನು ಓದಿ ಮುಗಿಸಲು ಹನ್ನೆರಡು ಸಂಜೆಗಳು ಹಿಡಿದುವು. ಮೊದಲ ಸಂಜೆಗಳಲ್ಲಿ ಸತೀಶನಿಗೆ ಬೈಗುಳದ ಸುರಿಮಳೆ. ಕಥೆ ಮುಂದುವರಿದ ಹಾಗೆ ಬೈಗುಳ ಕಡಿಮೆಯಾಯಿತು. ಕೊನೆಯ ಸಂಜೆ ಒಬ್ಬಾಕೆ, ಕಡೆಯ ಅಧ್ಯಾಯವನ್ನು ಓದುವುದು ಬೇಡ, ಅವಳು ಮನೆಯಲ್ಲಿ ಚೆನ್ನಾಗಿದ್ದಾಳೆಂದುಕೊಂಡು ಇಲ್ಲಿಗೇ ನಿಲ್ಲಿಸು ಎಂದು ನನ್ನನ್ನು ಬೇಡಿಕೊಂಡರು. ಇನ್ನೊಬ್ಬರು, ಬರೆದಾಕೆ ಬದುಕಿದ್ದರೆ ಕಾಗದ ಹಾಕಿ ಬೇರೆ ಕೊನೆ ಬರೆಸಬಹುದಿತ್ತು ಎಂದರು. ೧೯೨೯ರಲ್ಲಿ ಅಮೆರಿಕದ ಓದುಗರು ಬಯಸಿದ್ದೂ ಇದನ್ನೇ ಅಲ್ಲವೆ? ನಾನು ಪುಸ್ತಕದಲ್ಲಿದ್ದಂತೆ ಓದಿದೆ. ಓದಿ ಮುಗಿದ ಮೇಲೆ ಯಾರೂ ಸತೀಶನನ್ನು ಬೈಯಲಿಲ್ಲ.

ಅವರು ಸುಮ್ಮನಾದುದಕ್ಕೆ ಕಾರಣವಿತ್ತು. ನಮ್ಮ ಬೀದಿಯಲ್ಲೇ ಒಬ್ಬಾಕೆ ಇದ್ದಳು. ಬಾಣಂತನದಲ್ಲಿ ಬುದ್ಧಿ ಕೆಟ್ಟು, ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇದ್ದು, ಗುಣವಾಗಿ ಬಂದು ನಾಲ್ಕು ವರ್ಷಗಳಾಗಿದ್ದುವು. ಹೊಲ ಮನೆಯ ಕೆಲಸವನ್ನೆಲ್ಲ ಮಾಡುತ್ತಿದ್ದಳು. ಆದರೂ ಎಲೆ ವಿಂಗಡಿಸಲು ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಹಸುಗೂಸುಗಳನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ಅವಳಿಗೊಂದು ಹೆಸರಿತ್ತು; ಆ ಹೆಸರಿನ ಹಿಂದೆ ಊರು ಒಂದು ಪದವನ್ನು ಸೇರಿಸಿತ್ತು. ಆ ಪದವನ್ನು ಇಲ್ಲಿ ಬರೆಯಲಾರೆ. ಕಾವೇರಿಗಾಗಿ ಕಣ್ಣೊರಸಿಕೊಂಡವರೆಲ್ಲ ಆ ಪದವನ್ನು ಒಂದಲ್ಲ ಒಂದು ದಿನ ಆಡಿದವರೇ.

ಕಥೆ ಮುಗಿದ ಎರಡು ದಿನಗಳ ಮೇಲೆ ನನ್ನ ತಾಯಿ ಹೋಗಿ ಅವಳನ್ನು ಕೆಲಸಕ್ಕೆ ಕರೆದು ತಂದರು. ಒಬ್ಬರು ಮುಖ ಸಿಂಡರಿಸಿಕೊಂಡು ಆಚೆ ಸರಿದು ಕುಳಿತರು. ಮಿಕ್ಕವರು ಜಾಗ ಮಾಡಿಕೊಟ್ಟರು. ಅವಳ ಕಣ್ಣು ಬಹಳ ಚುರುಕು. ಹಳದಿಗೂ ಕಿತ್ತಳೆಗೂ ಇರುವ ಸೂಕ್ಷ್ಮವಾದ ಭೇದ ಅವಳಿಗೆ ತಟ್ಟನೆ ತಿಳಿಯುತ್ತಿತ್ತು. ಊರೆಲ್ಲ ಬದಲಾಯಿತೆಂದು ನಾನು ಹೇಳುವುದಿಲ್ಲ; ಆಚೆ ಸರಿದು ಕುಳಿತವರು ಇಂದಿಗೂ ಆಚೆಯೇ ಕೂರುತ್ತಾರೆ. ಇದು ಕಾದಂಬರಿಯ ಪ್ರಭಾವವೋ, ನನ್ನ ತಾಯಿಯ ಮನಸ್ಸಿನಲ್ಲಿ ಮೊದಲೇ ಇದ್ದ ಮರುಕವೋ ಎಂದು ನಿಷ್ಕರ್ಷಿಸುವುದೂ ಕಷ್ಟ. ಓದು ಬಾರದ ನನ್ನ ತಾಯಿ ಈ ವಿಷಯದಲ್ಲಿ ಏನನ್ನೂ ವಿವರಿಸಲಿಲ್ಲ. ಆದರೆ ಕಥೆಯೊಂದು ಸಂಸಾರವಂದಿಗರ ಮನಸ್ಸಿನಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಯಾರಾದರೂ ಕೇಳಿದರೆ ನಾನು ಕೊಡಬಹುದಾದ ಉತ್ತರ ಇದೊಂದೇ.

ತ್ರಿವೇಣಿಯವರ ಕಥೆಗಳಿಗೆ ಓದು ಬಾರದ ಜನರನ್ನು ದೊಡ್ಡ ಸಂಖ್ಯೆಯಲ್ಲಿ ತಂದುಕೊಟ್ಟದ್ದು ಚಲನಚಿತ್ರ. ಅದರಲ್ಲಿ ನಮ್ಮ ಸೀಮೆಗೂ ಒಂದು ಹೆಮ್ಮೆಯುಂಟು. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ೧೯೩೩ರಲ್ಲಿ ಹುಟ್ಟಿದ ಪುಟ್ಟಣ್ಣ ಕಣಗಾಲ್ ಅವರು ತ್ರಿವೇಣಿಯವರ ಕಾದಂಬರಿಗಳನ್ನು ತೆರೆಗೆ ತಂದವರಲ್ಲಿ ಪ್ರಮುಖರು. ಮೊದಲು ಅವರು 'ಬೆಕ್ಕಿನ ಕಣ್ಣು' ಕಾದಂಬರಿಯನ್ನು ೧೯೬೬ರಲ್ಲಿ ಮಲಯಾಳ ಭಾಷೆಯಲ್ಲಿ 'ಪೂಚಕ್ಕಣ್ಣಿ' ಎಂಬ ಚಿತ್ರವಾಗಿ ನಿರ್ದೇಶಿಸಿದರು. ೧೯೬೭ರಲ್ಲಿ ತೆರೆ ಕಂಡ 'ಬೆಳ್ಳಿ ಮೋಡ' ಕನ್ನಡದಲ್ಲಿ ಅವರ ಮೊದಲ ನಿರ್ದೇಶನ. ಮರುವರ್ಷ ಎಂ. ಆರ್. ವಿಠಲ್ ಅವರು 'ಹಣ್ಣೆಲೆ ಚಿಗುರಿದಾಗ' ಕಾದಂಬರಿಯನ್ನು ತೆರೆಗೆ ತಂದರು. ವಿಧವೆಯ ಮರುಮದುವೆಯ ಪ್ರಶ್ನೆಯನ್ನು ಅದು ಮನೆಮನೆಯ ಚರ್ಚೆಯಾಗಿಸಿತು. ೧೯೭೦ರಲ್ಲಿ ಎನ್. ಲಕ್ಷ್ಮೀನಾರಾಯಣ್ ಅವರ 'ಮುಕ್ತಿ' ಬಂತು. ೧೯೭೧ರಲ್ಲಿ ಪುಟ್ಟಣ್ಣನವರ 'ಶರಪಂಜರ' ಬಂದಾಗ ಕಾವೇರಿಯ ಪಾತ್ರ ವಹಿಸಿದ ಕಲ್ಪನಾ ಅವರು ಜನರ ಮನಸ್ಸಿನಲ್ಲಿ ಕಾವೇರಿಯೇ ಆಗಿಬಿಟ್ಟರು. ನಮ್ಮ ಅಜ್ಜಿ ಆ ಚಿತ್ರವನ್ನು ಬಾಡಿಗೆ ಗಾಡಿಯಲ್ಲಿ ಹೋಗಿ ಟೂರಿಂಗ್ ಟಾಕೀಸಿನಲ್ಲಿ ನೋಡಿದ್ದರಂತೆ. ಆದರೆ ಅದು ಪುಸ್ತಕವಾಗಿ ಮೊದಲು ಇತ್ತೆಂದು ಅವರಿಗೆ ಗೊತ್ತಾದದ್ದು ನಾನು ಓದಿದಾಗಲೇ.

ಈ ಚಿತ್ರಗಳಲ್ಲಿ ಕನ್ನಡದ ಒಂದನ್ನೂ ತ್ರಿವೇಣಿಯವರು ನೋಡಲಿಲ್ಲ. ೧೯೬೩ರ ಜುಲೈ ತಿಂಗಳಲ್ಲಿ ಅವರು ಹೆಣ್ಣು ಮಗುವಿಗೆ ತಾಯಿಯಾದರು. ಹೆರಿಗೆಯಾದ ಹತ್ತು ದಿನಕ್ಕೆ, ಜುಲೈ ೨೯ರಂದು, ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಮೈಸೂರಿನಲ್ಲಿ ಕಣ್ಣುಮುಚ್ಚಿದರು. ಮೂವತ್ತೈದು ವರ್ಷ ತುಂಬಲು ಇನ್ನೂ ಒಂದು ತಿಂಗಳಿತ್ತು. ಬಾಣಂತಿಯ ಸಂಕಟವನ್ನು ಕನ್ನಡಕ್ಕೆ ತಿಳಿಸಿಕೊಟ್ಟಾಕೆಯನ್ನು ಬಾಣಂತನವೇ ಒಯ್ದುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಅವರು ಬರೆಯುತ್ತಿದ್ದ 'ಅವಳ ಮಗಳು' ಎಂಬ ಕಾದಂಬರಿ ಅರ್ಧಕ್ಕೆ ನಿಂತಿತ್ತು. ಅದನ್ನು ಎಂ. ಸಿ. ಪದ್ಮಾ ಅವರು ಮುಂದುವರಿಸಿ ಪೂರ್ಣಗೊಳಿಸಿದರು. ಒಬ್ಬ ಲೇಖಕಿಯ ಕಥೆ ಅರ್ಧದಲ್ಲಿ ನಿಂತಾಗ ಇನ್ನೊಬ್ಬ ಲೇಖಕಿ ಲೇಖನಿ ಎತ್ತಿಕೊಂಡದ್ದು ಸಹ ಒಂದು ಬಗೆಯ ನೆಂಟಸ್ತಿಕೆಯೇ.

ತ್ರಿವೇಣಿಯವರ ಬರವಣಿಗೆಯಲ್ಲಿ ದೋಷಗಳಿಲ್ಲವೆಂದು ನಾನು ವಾದಿಸುವುದಿಲ್ಲ. ಅವರ ಮನೆಗಳು ಬಹುತೇಕ ಪಟ್ಟಣದ ಮಧ್ಯಮವರ್ಗದ ಮನೆಗಳು. ನಮ್ಮ ಹೊಲ, ನಮ್ಮ ಬ್ಯಾರನ್ನು, ಕೂಲಿಯ ಹೆಂಗಸಿನ ಬದುಕು ಅಲ್ಲಿ ವಿರಳ. ಜಾತಿ ಬಡತನಗಳ ಕಷ್ಟವನ್ನು ಅರಿಯಬೇಕಾದರೆ ನಾವು ಬೇರೆ ಪುಸ್ತಕಗಳನ್ನು ಹುಡುಕಬೇಕು. ಹೀಗಿದ್ದೂ ಪಟ್ಟಣದ ಆ ಕಾವೇರಿಯನ್ನು ಹೊಗೆಸೊಪ್ಪಿನ ಅಂಟು ಮೆತ್ತಿದ ಕೈಗಳು ತಮ್ಮವಳೆಂದು ಅಪ್ಪಿಕೊಂಡುವಲ್ಲ, ಇದಕ್ಕೇನು ಹೇಳೋಣ? ನೋವನ್ನು ನಿಜವಾಗಿ ಬರೆದರೆ ಅದಕ್ಕೆ ವಿಳಾಸ ಬೇಕಾಗುವುದಿಲ್ಲವೆಂದೇ ತೋರುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಓದುಗರೆಂದರೆ ಪುಸ್ತಕವನ್ನು ತೂಗಿ ಬೆಲೆ ಕಟ್ಟುವವರೆಂದು ಕಲಿತಿದ್ದೇವೆ. ಪಾತ್ರದೊಡನೆ ಜಗಳವಾಡುವವರನ್ನೂ, ಕಥೆಯ ಕೊನೆಯನ್ನು ಬದಲಾಯಿಸಬೇಕೆಂದು ಹಟ ಹಿಡಿಯುವವರನ್ನೂ ಮುಗ್ಧರೆಂದು ನಗುತ್ತೇವೆ. ನಗುವ ಮುನ್ನ ಸ್ವಲ್ಪ ಯೋಚಿಸಬೇಕು. ಕಥೆಯ ಕೊನೆಯನ್ನು ಬದಲಾಯಿಸಲಾಗದೆ ಚಡಪಡಿಸಿದವರೇ ಬೀದಿಯ ಕೊನೆಯ ಮನೆಯ ಬಾಗಿಲನ್ನು ತಟ್ಟುವವರು. ತ್ರಿವೇಣಿಯವರು ತಮ್ಮ ಕಾವೇರಿಗೆ ಸುಖಾಂತವನ್ನು ಕೊಡಲಿಲ್ಲ. ಅದನ್ನು ಕೊಡುವ ಕೆಲಸವನ್ನು ಅವರು ಓದುಗರಿಗೆ ಬಿಟ್ಟು ಹೋಗಿದ್ದಾರೆ. ಆ ಕೆಲಸ ನಮ್ಮ ನಮ್ಮ ಊರುಗಳಲ್ಲಿ, ನಮ್ಮ ನಮ್ಮ ಬೀದಿಗಳಲ್ಲಿ ಇನ್ನೂ ಬಾಕಿ ಉಳಿದಿದೆ. ಈ ವರ್ಷ ಕಾಲೇಜನ್ನು ಬಿಟ್ಟು ಹೋಗಲಿರುವ ಗೆಳೆಯ ಗೆಳತಿಯರು ಅವರ ಒಂದು ಕಾದಂಬರಿಯನ್ನಾದರೂ ಓದಿಕೊಂಡು ಹೋಗಲಿ, ಸಾಧ್ಯವಾದರೆ ಮನೆಯಲ್ಲಿ ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಲಿ ಎಂಬುದು ನನ್ನ ವಿನಂತಿ.